ತೊಳೆಯಲು ಕೊಡದ ಹಕ್ಕಿ

ನಾನು ಚಿಕ್ಕವಳಿದ್ದಾಗ, ಅಂದರೆ ಎಪ್ಪತ್ತರ ದಶಕದಲ್ಲಿ, ಗೊಬ್ಬೂರಿನ ನಮ್ಮ ಮನೆಯ ಹಿಂದೆ ಹಳ್ಳದ ಗುಂಟ ಹುಣಸೆ ಮತ್ತು ಮಾವಿನ ಮರಗಳ ದಟ್ಟ ಗುಂಪೊಂದಿತ್ತು ಎಂಬುದನ್ನು ಮೊಮ್ಮಕ್ಕಳಾದ ನಿಮಗೆ ಮೊದಲಿಗೆ ತಿಳಿಸಬಯಸುತ್ತೇನೆ. ಸುತ್ತಲಿನ ಕಪ್ಪು ಹೊಲಗಳು ಬಿಸಿಲಿಗೆ ಬಿರಿದಿದ್ದರೂ ಅಲ್ಲಿನ ನೆಲ ತಂಪಾಗಿರುತ್ತಿತ್ತು. ಪಾದ ಮುಳುಗುವಷ್ಟು ತರಗೆಲೆ ಬಿದ್ದಿರುತ್ತಿತ್ತು.

ಮುಂಗಾರಿಗೆ ಮುಂಚಿನ ಒಂದು ಬೆಳಿಗ್ಗೆ, ಆ ತರಗೆಲೆಯನ್ನು ಕೊಕ್ಕಿನಿಂದ ಮಗುಚಿ ಹುಳು ಹುಡುಕುತ್ತಿದ್ದ ಹಕ್ಕಿಯೊಂದನ್ನು ಕಂಡೆ. ಸದರಿ ಹಕ್ಕಿ ಮೈನಾಕ್ಕಿಂತ ಚಿಕ್ಕದು. ಬೆನ್ನು ಹಸಿರು, ಹೆಗಲು ನೀಲಿ, ಕುತ್ತಿಗೆ ಬಿಳಿ, ಕಣ್ಣಿನ ಮೇಲೆ ಕಾಡಿಗೆಯಂಥ ಕಪ್ಪು ಪಟ್ಟಿ, ಹೊಟ್ಟೆ ಗೋಧಿಯ ಬಣ್ಣ. ಗಿಡ್ಡ ಬಾಲದ ಕೆಳಗೆ ಕುಂಕುಮ ಚೆಲ್ಲಿದಂತಿತ್ತು. ದೂರದಿಂದ ಹಾರಿ ಬಂದು ದಣಿದಿತ್ತೇನೋ, ಕೈ ಚಾಚಿದರೂ ಹಾರಲಿಲ್ಲ. ಎತ್ತಿಕೊಂಡು ಮನೆಗೆ ಬಂದೆ.

"ಹೋಳಿ ಆಡಿ ಬಂದದ ನೋಡ್ರಿ ಇದು" ಎಂದು ಅಕ್ಕ ನಕ್ಕಳು.

ಅಪ್ಪ ನಗಲಿಲ್ಲ. ಆಳಂದದ ಸಂತೆಯಲ್ಲಿ ವ್ಯಾಪಾರಿಗಳು ಕೋಳಿಮರಿಗಳಿಗೆ ಬಣ್ಣ ಹಚ್ಚಿ ಮಾರುತ್ತಿದ್ದರು. ಹಿಂದಿನ ವರ್ಷ ಅಪ್ಪ ತಂದ ಗುಲಾಬಿ ಮರಿಯನ್ನು ತೊಳೆದಾಗ ಅದು ಬಿಳಿಯಾಗಿತ್ತು. ನಡುಗುತ್ತ ಸಂಜೆಗೆ ಸತ್ತೂ ಹೋಗಿತ್ತು.

"ಸಂತ್ಯಾಗಿನ ಮಾಲ್ ಇದು. ಬಕೀಟನ್ಯಾಗ ಅದ್ದು, ಬಣ್ಣ ಬಿಡ್ತದ" ಎಂದರು ಅಪ್ಪ.

"ಕೊಡಂಗಿಲ್ರಿ" ಎಂದೆ. ನಮ್ಮ ಮನೆಯಲ್ಲಿ ಅಪ್ಪನಿಗೆ ಯಾರೂ ಹಾಗೆ ಹೇಳಿದ್ದಿಲ್ಲ.

"ಯಾಕಬೇ, ಬಾಯಿ ಭಾಳ ಬಂದದಲ್ಲ?"

"ನೀರಾಗ ಹಾಕಿದ್ರ ಸಾಯ್ತದ್ರಿ. ನನ್ನ ಕೈ ನೋಡ್ರಿ. ಇಷ್ಟು ಬೆವತದ, ಬಣ್ಣ ಹತ್ಯದೇನು?"

ಅಂಗೈ ಮುಂದೆ ಹಿಡಿದೆ. ಮಣ್ಣು ಮಾತ್ರ ಇತ್ತು. ಅಪ್ಪ ತಮ್ಮ ಬಿಳಿ ಧೋತರದ ಚುಂಗನ್ನು ಒದ್ದೆ ಮಾಡಿ, ಹಕ್ಕಿಯ ನೀಲಿ ಹೆಗಲನ್ನು ಮೆಲ್ಲಗೆ ಉಜ್ಜಿದರು. ಧೋತರ ಬಿಳಿಯಾಗಿಯೇ ಉಳಿಯಿತು. ಅವರು ಚುಂಗನ್ನು ಬೆಳಕಿಗೆ ಹಿಡಿದು ನೋಡಿದರು.

"ಖರೇ ಹಕ್ಕಿನೇ ಅದ. ಇದರ ಮ್ಯಾಲ ಬುಟ್ಟಿ ಡಬ್ಬ ಹಾಕಿಡು, ಊರಮಂದಿ ನೋಡ್ಲಿ."

ನಾನು ಅದಕ್ಕೂ ಒಪ್ಪದೆ, ನೇರವಾಗಿ ಹಳ್ಳಕ್ಕೆ ನಡೆದು ಹಕ್ಕಿಯನ್ನು ಪೊದೆಯ ನೆರಳಿನಲ್ಲಿ ಬಿಟ್ಟೆ. ಅದು ಎರಡು ಸಲ ಜಿಗಿದು ಎಲೆಗಳ ನಡುವೆ ಮರೆಯಾಯಿತು. ಹಿಂದೆಯೇ ಬಂದಿದ್ದ ಅಪ್ಪ, "ನಿನ್ನ ಹಠಕ್ಕ ದವಾ ಇಲ್ಲ ಬಿಡು" ಎಂದು ನನ್ನ ತಲೆ ಸವರಿದರು. ಸಂಜೆ ಪೊದೆಯೊಳಗಿನಿಂದ ಎರಡು ಸ್ವರದ ಸಿಳ್ಳೆ ಕೇಳಿಸಿತು.

ಅದರ ಹೆಸರು ನವರಂಗ ಎಂದು ನೀವು ಮೊಬೈಲಿನಲ್ಲಿ ಕ್ಷಣದಲ್ಲಿ ಹುಡುಕಿ ತೋರಿಸಿದಿರಿ. ಅದರ ಸಿಳ್ಳೆಯನ್ನೂ ಕೇಳಿಸಿದಿರಿ. ನನಗೆ ಸಂತೋಷವಾಯಿತು. ಆದರೆ ಹಕ್ಕಿಗೆ ಇಳಿಯಲು ನೆರಳು ಬೇಕು. ಹಳ್ಳದ ಗುಂಟ ಈಗ ಕಬ್ಬು ನಿಂತಿದೆ, ನಾಲ್ಕೇ ಮರಗಳು ಉಳಿದಿವೆ. ಅವನ್ನು ಕಡಿದು ಜಾಗ ಹಸನು ಮಾಡಬೇಕೆಂದು ನಿಮ್ಮ ತಂದೆ ಮೂರು ಸಲ ಕೇಳಿದ್ದಾರೆ. ನಾನು ಒಪ್ಪಿಲ್ಲ, ಒಪ್ಪುವುದೂ ಇಲ್ಲ. ಅವುಗಳ ಬುಡದ ತರಗೆಲೆಯನ್ನು ಗುಡಿಸಲು ಸಹ ಯಾರಿಗೂ ಅನುಮತಿ ಇರುವುದಿಲ್ಲ.