ತೇವದ ತೂಕ

ಮೊದಲು ಸಡಿಲವಾದದ್ದು ಉಂಗುರ.

ಕಳಸದ ಪೇಟೆಯಲ್ಲಿ ನಮ್ಮದು ಕಾಳುಮೆಣಸು, ಕಾಫಿ ಕೊಳ್ಳುವ ಅಂಗಡಿ. ಒಂದು ಬೆಳಿಗ್ಗೆ ನನ್ನ ಯಜಮಾನರು ಮೆಣಸಿನ ರಾಶಿಗೆ ಕೈ ಹಾಕಿದಾಗ ಮದುವೆಯ ಉಂಗುರ ಬೆರಳಿನಿಂದ ಜಾರಿ ರಾಶಿಯೊಳಗೆ ಸೇರಿತು. ಜರಡಿ ಹಿಡಿದು ಹುಡುಕಿದೆವು. ಸಿಕ್ಕಿತು. ಇಬ್ಬರೂ ನಕ್ಕೆವು.

ಆಗ ನಗಲು ಕಾರಣವಿತ್ತು. ಅದಕ್ಕೆ ಕೆಲವು ತಿಂಗಳ ಮೊದಲು ಮೂಡಿಗೆರೆಯ ಡಾಕ್ಟರೊಬ್ಬರು ಸ್ಕ್ಯಾನ್ ಮಾಡಿಸಿ, ಲಿವರ್‌ನಲ್ಲಿ ಕೊಬ್ಬು ಸೇರಿದೆ, ತೂಕ ಇಳಿಸಿ, ಕುಡಿಯುವುದನ್ನು ಬಿಡಿ ಎಂದಿದ್ದರಂತೆ. ಇವರು ಮನೆಗೆ ತಂದದ್ದು ತೂಕದ ಮಾತನ್ನು ಮಾತ್ರ.

"ಇನ್ಮೇಲೆ ರಾತ್ರಿ ಊಟ ಬೇಡ ಕಣೇ ಗಿರಿಜಾ. ನಂದೂ ಒಪ್ಪೊತ್ತು."

ಸೋಮವಾರ ಒಂದೇ ಹೊತ್ತು ಉಣ್ಣುವ ವ್ರತ ನನ್ನದು. ಗಂಡ ದಿನವೂ ಒಪ್ಪೊತ್ತು ಮಾಡುತ್ತಾರೆಂದರೆ ಯಾವ ಹೆಂಗಸಿಗೆ ಸಂತೋಷವಾಗುವುದಿಲ್ಲ? ಕುಡಿತ ನನಗೆ ಗೊತ್ತಿಲ್ಲದ್ದೇನಲ್ಲ. ಸಂಜೆ ಅಂಗಡಿಯ ಶಟರ್ ಎಳೆದ ಮೇಲೆ ಹಿಂದಿನ ಗೋಡೌನಿನಲ್ಲಿ ಕೂತು ಕುಡಿದೇ ಮನೆಗೆ ಬರುತ್ತಿದ್ದರು. ಗಲಾಟೆಯಿಲ್ಲ, ಬೈಗುಳವಿಲ್ಲ. ಬಂದು ದೇವರ ಕೋಣೆಯ ಕಡೆ ನೋಡದೆ ಮಲಗಿಬಿಡುವರು. ಕುಡಿದರೆ ಮೈ ಬರುತ್ತದೆ ಎಂದು ಕೇಳಿದ್ದೆ. ಇವರ ಮೈ ಇಳಿಯುತ್ತಿತ್ತು. ಕಡಿಮೆ ಮಾಡಿರಬೇಕು ಎಂದುಕೊಂಡೆ. ಊಟದ ಜಾಗದಲ್ಲಿ ಕುಡಿತವೇ ಕೂತಿದೆ ಎಂದು ಹೊಳೆಯಲಿಲ್ಲ.

ಮೂಟೆ ತೂಗುವ ಮಷೀನಿನ ಮೇಲೆ ಇವರು ಆಗಾಗ ನಿಲ್ಲುವರು. ಪ್ರತಿ ಸಲ ಸ್ವಲ್ಪ ಇಳಿದಿರುತ್ತಿತ್ತು. ಪಕ್ಕದ ಜೀಪ್ ಗ್ಯಾರೇಜಿನ ಇಬ್ರಾಹಿಂ ಇವರ ಹಳೆಯ ಸ್ನೇಹಿತ. ಅವನಿಗೆ ಇದೊಂದು ತಮಾಷೆ.

"ಏನ್ ಮಾರಾಯ, ಮೆಣಸಿನ ಜೊತೆ ನೀನೂ ಒಣಗ್ತಿದೀಯಾ? ಇನ್ನೊಂದು ಬಿಸಿಲು ಬಿದ್ರೆ ಗಾಳಿಗೆ ತೂರಬೋದು."

"ಹೊಟ್ಟೆಕಿಚ್ಚು ನಿಂಗೆ. ಮೊದ್ಲು ನಿನ್ನ ಹೊಟ್ಟೆ ನೋಡ್ಕ."

ಆ ಇಬ್ರಾಹಿಮನೇ ಒಂದು ದಿನ ಮನೆಯ ಬಾಗಿಲಿಗೆ ಬಂದ. ಅವತ್ತು ನಗಲಿಲ್ಲ. "ಅಕ್ಕ, ರುದ್ರಣ್ಣ ಒಂದು ಮೂಟೆ ಸರಿಸೋಕೆ ಹೋಗಿ ಅಲ್ಲೇ ಕೂತುಬಿಟ್ಟ. ಕೈ ನಡುಗ್ತದೆ. ಉಪವಾಸ ಸಾಕು, ಏನಾದ್ರೂ ಉಣ್ಸಿ."

ಉಣ್ಣಿಸಲು ನೋಡಿದೆ. ಮಧ್ಯಾಹ್ನದ ಬುತ್ತಿ ಹೋದ ಹಾಗೇ ವಾಪಸು ಬರತೊಡಗಿತು. ತಾಯಿಗೆ ಹೇಳಿಕೊಳ್ಳೋಣ ಎಂದು ಹೊರನಾಡಿನ ದೇವಸ್ಥಾನಕ್ಕೆ ಕರೆದುಕೊಂಡು ಹೋದೆ. ದರ್ಶನವಾಯಿತು. ಊಟಕ್ಕೆ ಕೂತೆವು. ಸುತ್ತಲೂ ಜನ ಸಾರು ಹಾಕಿಸಿಕೊಂಡು, ಪಾಯಸ ಹಾಕಿಸಿಕೊಂಡು ಉಣ್ಣುತ್ತಿದ್ದರು. ಇವರು ಅನ್ನ ಕಲಸಿದರು. ಕಲಸುತ್ತಲೇ ಇದ್ದರು. ಕೈ ಬಾಯಿಗೆ ಹೋಗಲಿಲ್ಲ.

"ಒಳಗೆ ಇಳಿಯಲ್ಲ ಕಣೇ."

ಹಸಿದು ಬಂದವರಿಗೆಲ್ಲ ಅನ್ನ ಕೊಡುವ ತಾಯಿಯ ಎದುರು ನನ್ನ ಗಂಡ ಅನ್ನ ಬಿಟ್ಟು ಎದ್ದರು. ನಾನು ತಲೆ ತಗ್ಗಿಸಿಕೊಂಡು ನನ್ನ ಪಾಲಿನದನ್ನು ಮುಗಿಸಿದೆ.

ಮಳೆ ಬಿಡುವ ಹೊತ್ತಿಗೆ ತೂಕ ಏರತೊಡಗಿತು. ತಾಯಿ ಕಣ್ಣು ಬಿಟ್ಟಳು ಎಂದು ತುಪ್ಪದ ದೀಪ ಹಚ್ಚಿದೆ. ಪಂಚೆ ಹೊಟ್ಟೆಗೆ ಬಿಗಿಯಾದಾಗಲೂ ಸಂತೋಷಪಟ್ಟೆ. ಪಾದ ಊದಿತು. ನಿಂತು ನಿಂತು ಹಾಗಾಗಿದೆ ಎಂದರು, ನಂಬಿದೆ. ಒಂದು ಬೆಳಿಗ್ಗೆ ಮಲಗಿದಲ್ಲಿ ಉಸಿರಾಡಲಾಗದೆ ಎದ್ದು ಕೂತರು. ಬೆಳಕಿನಲ್ಲಿ ನೋಡಿದರೆ ಕಣ್ಣಿನ ಬಿಳಿಯೆಲ್ಲ ಅರಿಸಿನ.

ಇಬ್ರಾಹಿಂ ಜೀಪು ತಂದ. ಚಿಕ್ಕಮಗಳೂರಿನ ಆಸ್ಪತ್ರೆ ಮುಟ್ಟುವವರೆಗೆ ಒಂದು ತಮಾಷೆಯನ್ನೂ ಆಡಲಿಲ್ಲ.

ಅಲ್ಲಿ ಇದ್ದದ್ದು ಚಿಕ್ಕ ವಯಸ್ಸಿನ ಡಾಕ್ಟರಮ್ಮ. ಇವರ ಕಾಲನ್ನು ಹೆಬ್ಬೆರಳಿನಿಂದ ಒತ್ತಿದರು. ಬೆರಳು ತೆಗೆದರೂ ಕುಳಿ ಹಾಗೇ ಉಳಿಯಿತು. ನಾನು ಪೆದ್ದಿಯ ಹಾಗೆ ಕೇಳಿದೆ: "ತೂಕ ಏರಿದೆಯಲ್ಲ ಮೇಡಂ, ಅದು ಒಳ್ಳೇದಲ್ವಾ?"

"ಅದು ಮೈ ಅಲ್ಲಮ್ಮ, ನೀರು. ಹೊಟ್ಟೆ ತುಂಬ ನೀರು ಸೇರಿದೆ. ಕುಡಿದು ಲಿವರ್ ಗಾಯವಾಗಿ ಕಲೆಗಟ್ಟಿದೆ, ಸಿರೋಸಿಸ್."

ಸಿರೋಸಿಸ್.

ಅವರು ಇವರ ತೋಳನ್ನು ಎತ್ತಿ ತೋರಿಸಿದರು. ಮೇಲೆ ಸಡಿಲ ಚರ್ಮ, ಒಳಗೆ ಎಲುಬು. "ಕುಡಿದ್ರೆ ಹೊಟ್ಟೆ ತುಂಬಿದ ಹಾಗೆ ಅನ್ಸುತ್ತೆ. ಮೈಗೆ ಬೇಕಾದ್ದು ಅದ್ರಲ್ಲಿ ಏನೂ ಇರಲ್ಲ. ತಿಂದ ಸ್ವಲ್ಪಾನೂ ಸರಿಯಾಗಿ ಹತ್ತಲ್ಲ. ಹಿಂದೆ ತೂಕ ಇಳೀತಲ್ಲ, ಅದು ಬರೀ ಕೊಬ್ಬಲ್ಲ. ಮಸಲ್ ಕರಗಿದೆ, ಶಕ್ತಿ ಹೋಗಿದೆ."

ಮಂಚದ ಮೇಲಿದ್ದ ಇವರು ಮೆಲ್ಲಗೆ ಅಂದರು: "ತೇವ."

"ಏನಂದ್ರಿ?"

"ತೇವದ ತೂಕ ಮೇಡಂ. ಹಸಿ ಮೆಣಸು ತಂದ್ರೆ ತೂಕ ಜಾಸ್ತಿ ಬರ್ತದೆ. ನಾವು ತೇವ ಕಳೆದೇ ಲೆಕ್ಕ ಹಿಡಿಯೋದು. ಒಂದು ಹಿಡಿ ಕೈಯಲ್ಲಿ ಹಿಡಿದ್ರೆ ನಂಗೆ ಗೊತ್ತಾಗ್ತದೆ, ಮಷೀನೇ ಬೇಡ." ತಮ್ಮ ಕಾಲಿನ ಕುಳಿಯನ್ನು ನೋಡಿಕೊಂಡರು. "ಊರೋರ ತೇವ ಎಲ್ಲ ಹಿಡಿದೆ. ನಂದು ತಿಳೀಲಿಲ್ಲ."

ಅತ್ತೆ ತೀರಿಕೊಂಡಾಗಲೂ ಅಳದವರು ಗೋಡೆ ಕಡೆ ತಿರುಗಿ ಅತ್ತರು.

ಹೊಟ್ಟೆಗೆ ಸೂಜಿ ಚುಚ್ಚಿ ನೀರು ತೆಗೆದರು. ಹಳದಿ ನೀರು ನಿಧಾನ ಇಳಿದು ಬಾಟಲಿ ತುಂಬಿತು, ಇನ್ನೊಂದಿಟ್ಟರು. ನೀರೆಲ್ಲ ಹೋದ ಮೇಲೆ ಮಂಚದಲ್ಲಿ ಉಳಿದವರನ್ನು ನಾನು ಗುರುತು ಹಿಡಿಯಲಾರದೆ ಹೋದೆ. ಮೂಟೆಯನ್ನು ಒಂದೇ ಉಸಿರಿಗೆ ಬೆನ್ನಿಗೇರಿಸುತ್ತಿದ್ದ ಮನುಷ್ಯ. ನಾನೊಬ್ಬಳೇ ಎತ್ತಿ ಕೂರಿಸುವಷ್ಟು ಹಗುರಾಗಿದ್ದರು. ಕುಡಿತ ನಿಂತದ್ದಕ್ಕೆ ಮೈ ನಡುಗಿ, ಬುದ್ಧಿ ಕದಲಿ, ನರ್ಸಮ್ಮನಿಗೇ "ಗೋಡೌನ್ ಬಾಗಿಲು ಹಾಕಿ" ಎಂದು ಕೂಗುತ್ತಿದ್ದರು. ನಾನು ಕೈ ಹಿಡಿದು ಪಂಚಾಕ್ಷರಿ ಹೇಳುತ್ತ ಕೂತಿದ್ದೆ. ಅದೊಂದೇ ನನ್ನ ಕೈಲಿ ಆದದ್ದು.

ಮನೆಗೆ ಕಳಿಸುವ ಮುಂಚೆ ಡಯಟಿಶಿಯನ್ ಬಂದು ಕೂತರು.

"ಉಪ್ಪು ಕಡಿಮೆ. ಮೊಟ್ಟೆ ತಿಂತೀರಾ?"

"ಇಲ್ಲಮ್ಮ, ಲಿಂಗ ಕಟ್ಟಿದ ಮನೆ ನಮ್ದು" ಎಂದೆ.

"ಹಾಗಾದ್ರೆ ಮೊಸರು, ಹೆಸರುಕಾಳು, ಬೇಳೆ. ಸ್ವಲ್ಪ ಸ್ವಲ್ಪ, ಆದ್ರೆ ದಿನಕ್ಕೆ ಐದಾರು ಸಲ. ಉಪವಾಸ ಪೂರ್ತಿ ಬಂದ್. ಮಲಗೋ ಮುಂಚೆ ಏನಾದ್ರೂ ತಿನ್ನಲೇಬೇಕು, ಇಲ್ದಿದ್ರೆ ರಾತ್ರಿಯೆಲ್ಲ ಮೈಯೇ ಮೈಯನ್ನ ತಿನ್ನುತ್ತೆ."

ಆ ಮಾತು ನನ್ನೊಳಗೆ ಕೂತುಬಿಟ್ಟಿತು. ಒಪ್ಪೊತ್ತು ಎಂದು ನಾನು ಹೆಮ್ಮೆಪಟ್ಟ ರಾತ್ರಿಗಳಲ್ಲೆಲ್ಲ ಇವರ ಮೈ ತನ್ನನ್ನೇ ತಿನ್ನುತ್ತಿತ್ತು.

ಮನೆಗೆ ಬಂದರೂ ಒಬ್ಬರೇ ಕೂತರೆ ತುತ್ತು ಇಳಿಯದು. ಸೋಮವಾರ ರಾತ್ರಿ ನಾನು ಉಣ್ಣದಿದ್ದರೆ ಇವರೂ ತಟ್ಟೆ ಸರಿಸುವರು. ಮದುವೆಯಾದಾಗಿನಿಂದ ನಡೆಸಿಕೊಂಡು ಬಂದ ವ್ರತ. ಪೂಜೆಗೆ ಕೂತಾಗ ಶಿವನಿಗೆ ಹೇಳಿಕೊಂಡೆ: ಇನ್ನು ಸೋಮವಾರವೂ ಇವರ ಜೊತೆ ಉಣ್ಣುತ್ತೇನೆ, ಇದನ್ನೇ ವ್ರತ ಎಂದುಕೋ. ಅಂದಿನಿಂದ ಎದುರೆದುರು ಕೂತು ಉಣ್ಣುತ್ತೇವೆ. ಉಪ್ಪಿಲ್ಲದ ಸಾರಿಗೆ ಮುಖ ಕಿವುಚುತ್ತಾರೆ. ನಾನೂ ಅದನ್ನೇ ಉಣ್ಣುತ್ತೇನೆ.

ಡಾಕ್ಟರಮ್ಮ ಏನನ್ನೂ ಮುಚ್ಚಿಡಲಿಲ್ಲ. ಲಿವರ್‌ನ ಗಾಯದ ಕಲೆ ಹೋಗುವುದಿಲ್ಲ. ಕುಡಿದರೆ ಉಳಿಯುವುದಿಲ್ಲ. ಇವರು ಮತ್ತೆ ಅಂಗಡಿಗೆ ಹೋಗುತ್ತಿದ್ದಾರೆ. ಸಂಜೆ ಶಟರ್ ಎಳೆಯುವ ಹೊತ್ತಾದರೆ ಈಗಲೂ ನಾನು ಗಡಿಯಾರ ನೋಡುತ್ತ ಕೂರುತ್ತೇನೆ. ಆದರೆ ಆ ಹೊತ್ತಿಗೆ ಸರಿಯಾಗಿ ಇಬ್ರಾಹಿಂ ಚಾ ಹಿಡಿದುಕೊಂಡು ಇವರ ಪಕ್ಕ ಬಂದು ಕೂರುತ್ತಾನೆ. ಯಾರೂ ಹೇಳಿದ್ದಲ್ಲ. ನೀರು ಮತ್ತೆ ತೆಗೆಸುವ ಹಾಗಾಗಿಲ್ಲ. ಉಂಗುರ ಇನ್ನೂ ಬೆರಳಿಗೆ ನಿಲ್ಲುವುದಿಲ್ಲ, ದೇವರ ಕೋಣೆಯಲ್ಲಿಟ್ಟಿದ್ದೇನೆ. ಇವಿಷ್ಟು ನನ್ನ ಪಾಲಿನ ಕೃಪೆ. ದೊಡ್ಡದನ್ನು ಕೇಳಲು ಹೆದರಿಕೆ.

ಮೊನ್ನೆ ಮಧ್ಯಾಹ್ನ ಬುತ್ತಿ ಕಳಿಸುವುದು ತಡವಾಯಿತು. ಫೋನ್ ಬಂತು.

"ಗಿರಿಜಾ, ಊಟ ಎಲ್ಲಿ? ಹಸಿವಾಗ್ತಿದೆ."

ಹಿಂದಿನಿಂದ ಇಬ್ರಾಹಿಮನ ಕೂಗು: "ಬೇಗ ಕಳ್ಸಿ ಅಕ್ಕ, ನನ್ನ ಬಿಸ್ಕೆಟ್ ಪೊಟ್ಟಣ ಪೂರ್ತಿ ಖಾಲಿ ಮಾಡ್ದ ಈ ಪುಣ್ಯಾತ್ಮ!"

ಹಸಿವು. ಆ ಮಾತನ್ನು ಇವರ ಬಾಯಲ್ಲಿ ಕೇಳಿ ಎಷ್ಟು ಕಾಲವಾಗಿತ್ತು! ತೂಕ ಇಳಿಯಲಿ ಎಂದು ಬೇಡಿದ್ದೆ, ಏರಲಿ ಎಂದು ಬೇಡಿದ್ದೆ. ಇದನ್ನು ಬೇಡಬೇಕೆಂದೇ ತಿಳಿದಿರಲಿಲ್ಲ. ಹೊರನಾಡಿನ ಅಮ್ಮನ ಪಟದ ಮುಂದೆ ಕೈ ಮುಗಿಯುವುದನ್ನೂ ಮರೆತು ಅಡಿಗೆಮನೆಗೆ ಓಡಿದೆ, ಬಿಸಿ ಅನ್ನ ಬುತ್ತಿಗೆ ತುಂಬಿದೆ. ಅವಳೂ ಅನ್ನ ಬಡಿಸುವವಳು. ತಪ್ಪು ತಿಳಿಯಲಾರಳು.