ದಸ್ತಗೀರ್‌ಸಾಬರು ಕೊರೆದ ಎರಡನೆಯ ದಿನಾಂಕ

ಇದು ಶುರುವಾದದ್ದು ೨೦೧೭ರಲ್ಲಿ. ಆಗ ನನಗೆ ನಲವತ್ತೆರಡು ವರ್ಷ. ಇದರಲ್ಲಿ ಒಂದಕ್ಷರವನ್ನೂ ನಾನು ಸೇರಿಸಿಲ್ಲ. ಆ ರಾತ್ರಿ ಹೆದರಿದ್ದೆ, ನಿಜ. ಆದರೆ ಇಂದಿಗೂ ನನ್ನ ಮೈ ಉರಿಯುವುದು ಸತ್ತವರನ್ನು ನೆನೆದಲ್ಲ, ಬದುಕಿದ್ದವರನ್ನು ನೆನೆದು.

ಖಾನಾಪುರದ ಶಾಲೆಯಲ್ಲಿ ಹನ್ನೆರಡು ವರ್ಷ ವಿಜ್ಞಾನ ಕಲಿಸಿ, ಕೆಲಸ ಬಿಟ್ಟು, ಬೆಳಗಾವಿಯ ಪ್ರಯೋಗಾಲಯವೊಂದರಲ್ಲಿ ಸಂಶೋಧನೆಗೆ ಸೇರಿದ್ದೆ. ಕಬ್ಬಿಣದ ಪರಮಾಣುವನ್ನು ಇಂಗಾಲದ ಉಂಗುರಗಳ ನಡುವೆ ಬಂಧಿಸುವ ಲೋಹ-ಸಾವಯವ ರಸಾಯನ ನನ್ನ ವಿಷಯ. ಐದು ವರ್ಷ ದುಡಿದ ಮೇಲೆ ಒಂದು ಹೊಸ ಸಂಯುಕ್ತ ದೊರೆಯಿತು: ಕಿತ್ತಳೆ ಬಣ್ಣದ ಹರಳು, ಕರ್ಪೂರದಂಥ ವಾಸನೆ. ಗಾಳಿ ತಾಗಿದರೆ ಕ್ಷಣದಲ್ಲಿ ಕಪ್ಪು.

ಆದ್ದರಿಂದ ಅದನ್ನು ಗಾಜಿನ ನಳಿಕೆಯಲ್ಲಿಟ್ಟು, ಗಾಳಿ ತೆಗೆದು, ಬಾಯಿಯನ್ನು ಬೆಂಕಿಯಲ್ಲಿ ಕರಗಿಸಿ ಮುಚ್ಚಬೇಕು. ಅದು ನಮ್ಮ ಗಾಜಿನ ಕೆಲಸಗಾರ ದಸ್ತಗೀರ್‌ಸಾಬರ ಕೈಚಳಕ. ಮುಚ್ಚಿದ ದಿನಾಂಕವನ್ನು ಅವರು ನಳಿಕೆಯ ಕೊರಳ ಮೇಲೆ ವಜ್ರದ ಮೊನೆಯಿಂದ ಕೊರೆಯುತ್ತಿದ್ದರು; ನಳಿಕೆ ಒಡೆಯುವ ದಿನ, ಅದರ ಕೆಳಗೆ ಎರಡನೆಯ ದಿನಾಂಕ. ಅದೂ ಕನ್ನಡ ಅಂಕಿಗಳಲ್ಲಿ. ಹಟ ಹಿಡಿದು ನಾನೇ ಕಲಿಸಿದ್ದೆ.

"ಮನ್ಯಾಗ ಉರ್ದು, ಪ್ಯಾಟ್ಯಾಗ ಮರಾಠಿ. ನಿಮ್ಮ ಕೈಯಾಗ ಸಿಕ್ಕು ಈ ವಯಸ್ಸಿನ್ಯಾಗ ಸಾಲಿ ಬ್ಯಾರೆ!" ಎಂದು ನಗುತ್ತಿದ್ದರು.

೨೦೧೭ರ ಜನವರಿಯಲ್ಲಿ ಅವರು ತೀರಿಕೊಂಡರು. ಜೂನ್‌ನಲ್ಲಿ ನನ್ನ ಸಂಯುಕ್ತ ನನ್ನ ಮಾರ್ಗದರ್ಶಕರ ಅಳಿಯನ ಹೆಸರಿನಲ್ಲಿ ಪ್ರಕಟವಾಯಿತು. ಅದೇ ಮಾರ್ಚ್‌ನಲ್ಲಿ ಅವನೇ ಮೊದಲು ತಯಾರಿಸಿದನಂತೆ! ಬೀಗ ಹಾಕಿದ್ದ ನನ್ನ ಕಪಾಟಿನಿಂದ ಟಿಪ್ಪಣಿ ಪುಸ್ತಕವೂ ನಳಿಕೆಗಳೂ ಮಾಯ.

"ಪುರಾವೆ ಐತೇನ್ರಿ, ಮಾಸ್ತರ?" ಮಾರ್ಗದರ್ಶಕರು ಹಲ್ಲು ಕಿರಿದರು. "ಇದು ಸಾಲಿ ಹುಡುಗರನ್ನ ಬೆಂಚಿನ ಮ್ಯಾಲ ನಿಂದರಿಸಿದಂಗಲ್ಲ."

ಪ್ರತಿ ಮಾದರಿಯ ಇನ್ನೊಂದು ನಳಿಕೆಯನ್ನು ದಸ್ತಗೀರ್‌ಸಾಬರು ಮನೆಯಲ್ಲಿ ಉಳಿಸಿಕೊಳ್ಳುತ್ತಿದ್ದುದು ನೆನಪಾಯಿತು. ಅಂದೇ ಖಾನಾಪುರದ ಅವರ ಮನೆಗೆ ಹೋದೆ. ಕತ್ತಲಾಗಿತ್ತು, ಕರೆಂಟೂ ಇರಲಿಲ್ಲ.

"ಬರ್ರಿ ಸರ, ಕುಂದರ್ರಿ," ಎಂದರು ಅವರ ಪತ್ನಿ ಖೈರುನ್‌ಬೀ.

ಹಿತ್ತಲ ಕೋಣೆಯಿಂದ ಸುಂಯ್... ಎಂಬ ಸದ್ದು. ಗಾಜು ಕಾಯಿಸುವ ಜ್ವಾಲೆಯ ಸದ್ದು.

"ಒಳಗ ಯಾರದಾರ, ಚಾಚೀ?"

"ಯಾರಿಲ್ರಿ. ಸಿಲಿಂಡರ್ ಮಾರಿ ಭಾಳ ದಿನಾ ಆತು." ಅವರು ದನಿ ತಗ್ಗಿಸಿದರು. "ದಿನಾ ಇಷ್ಟೊತ್ತಿಗೆ ಹಿಂಗ... ನಾ ಬಾಗಲಾ ತಗ್ಯಾಂಗಿಲ್ಲ. ಬೇಕಂದ್ರ ನೀವ ತಗೀರಿ."

ಚಿಲಕ ತೆಗೆದೆ. ಸದ್ದು ನಿಂತಿತು... ಕರ್ಪೂರದ ವಾಸನೆ.

ಮೊಬೈಲ್ ಬೆಳಕಿನಲ್ಲಿ ನೋಡಿದೆ. ಬರ್ನರ್ ತಣ್ಣಗೆ ಧೂಳು ಹಿಡಿದಿತ್ತು. ಪಕ್ಕದಲ್ಲಿ ಒಂದೇ ಒಂದು ನಳಿಕೆ; ಒಳಗೆ ಕಿತ್ತಳೆ ಹರಳು. ಎತ್ತಿಕೊಂಡೆ... ಬೆರಳು ಚುರ್ರೆಂದು ಸುಟ್ಟಿತು.

ಕೊರಳ ಮೇಲಿನ ಮೊದಲ ದಿನಾಂಕ ೨೦೧೬ರದು. ಅದರ ಕೆಳಗೆ, ಇನ್ನೂ ಒಡೆಯದ ಆ ನಳಿಕೆಯ ಮೇಲೆ, ಎರಡನೆಯದೂ ಇತ್ತು. ಬರಲಿರುವ ವರ್ಷದ್ದು.

ನಾನು ಕೊಟ್ಟ ದೂರಿನ ವಿಚಾರಣೆಯಲ್ಲಿ ಮಾರ್ಗದರ್ಶಕರು ಗಹಗಹಿಸಿದರು. "ಸತ್ತಾಂವ ಮುಂದಿನ ವರ್ಷದ ತಾರೀಖು ಬರದಾನ? ಖೋಟಾ ಮಾಡೂದನ್ನರ ಛಲೋ ಕಲೀರಿ, ಮಾಸ್ತರ!"

ಸಮಿತಿ ತಲೆಯಾಡಿಸಿತು, ದೂರು ವಜಾ ಆಯಿತು. ಆಡಿದ ಒಂದೊಂದು ತಲೆಯೂ ನನಗೆ ನೆನಪಿದೆ.

ನಾನು ಬಿಡಲಿಲ್ಲ. ಮೇಲಿನ ಸಮಿತಿಗೆ ಮನವಿ, ನೆನಪೋಲೆ, ಮತ್ತೆ ಮನವಿ. ಆ ಸಭೆಯನ್ನು ಆರೋಗ್ಯದ ನೆಪವೊಡ್ಡಿ ಮೂರು ಬಾರಿ ಮುಂದೂಡಿಸಿದವರು ಮಾರ್ಗದರ್ಶಕರೇ ಹೊರತು ನಾನಲ್ಲ. ಇದನ್ನು ಗಮನವಿಟ್ಟು ಓದಿಕೊಳ್ಳಿ. ಕೊನೆಗೆ ಹೊರಗಿನ ತಜ್ಞರೊಬ್ಬರು ಬಂದು, ಕೊರೆದ ಅಂಕಿಗಳನ್ನು ಪ್ರಯೋಗಾಲಯದಲ್ಲಿದ್ದ ಬೇರೆಯವರ ಹಳೆಯ ನಳಿಕೆಗಳೊಡನೆ ತಾಳೆ ನೋಡಿ, ಎಲ್ಲರೆದುರು ಇದನ್ನು ಒಡೆದು ಪರೀಕ್ಷಿಸಿದರು. ಅದೇ ಸಂಯುಕ್ತ. ಜನವರಿಯಲ್ಲೇ ತೀರಿಕೊಂಡ ದಸ್ತಗೀರ್‌ಸಾಬರದೇ ಕೈ; ಅಂದರೆ ಅಳಿಯನ ಮಾರ್ಚ್‌ಗಿಂತ ಮೊದಲಿನದು. ನನ್ನ ಹೆಸರು ನನಗೆ ಮರಳಿತು.

ಬೆರಳಿನ ಸುಟ್ಟ ಕಲೆ ಇನ್ನೂ ಇದೆ. ಕೆಲವು ಸಂಜೆ ಅದು ತಾನಾಗಿಯೇ ಬಿಸಿಯಾಗುತ್ತದೆ...

ನಳಿಕೆ ಒಡೆದ ಆ ದಿನ ತಜ್ಞರು ಕೇಳಿದರು: "ಒಡದ ತಾರೀಖು ಕೆಳಗ ಹಾಕಬೇಕಲ್ರಿ?"

"ಬೇಕಾಗಿಲ್ರಿ," ಎಂದೆ. ನಳಿಕೆಯ ಕೊರಳ ಮೇಲೆ ಅದು ಆಗಲೇ ಇತ್ತು: ೨೩ ಆಗಸ್ಟ್ ೨೦೧೮.