ಕೆರೆಯಂಗಳದ ಟೀಮು, ಅದರ ಓನರಣ್ಣ

ಹೋದ ವಾರ ನಂದಿ ಬೆಟ್ಟದ ಕಡೆಯ ನಮ್ಮ ವಿಜಯಪುರದಲ್ಲಿ ಬಸ್ಸು ಸ್ವಲ್ಪ ಹೊತ್ತು ನಿಂತಿತ್ತು. ಕಿಟಕಿಯಿಂದ ಗೂಡು ಬೇಯುವ ವಾಸನೆ ಒಳಗೆ ನುಗ್ಗಿತು. ರೇಷ್ಮೆ ಗೂಡನ್ನು ಬಿಸಿನೀರಿಗೆ ಹಾಕಿ ನೂಲು ಬಿಚ್ಚುವಾಗ ಒಳಗಿನ ಹುಳ ಬೆಂದು ಏಳುವ ವಾಸನೆ ಅದು. ಪಕ್ಕದಲ್ಲಿ ಕೂತಿದ್ದ ಹುಡುಗಿ ದುಪಟ್ಟಾ ಎಳೆದು ಮೂಗು ಮುಚ್ಚಿಕೊಂಡಳು. ನಾನು ಮಾತ್ರ ಎದೆ ತುಂಬ ಎಳೆದುಕೊಂಡೆ. ಎಳೆದುಕೊಂಡ ಕೂಡಲೇ ಸಿಟ್ಟು ಬಂತು. ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಎಂದು ನಮ್ಮಜ್ಜಿ ಹೇಳುತ್ತಿದ್ದಳು. ನಮ್ಮಜ್ಜಿಗೇನು, ಓನರಣ್ಣನ ಟೀಮಿಗೆ ಕ್ಯಾಪ್ಟನ್ ಆಗುವ ಯೋಗ ಬಂದಿರಲಿಲ್ಲ.

ಓನರಣ್ಣ ಎಂದರೆ ನಮ್ಮ ಕ್ರಿಕೆಟ್ ಟೀಮಿನ ಓನರು. ನಮ್ಮ ಕಡೆಯ ಟೆನಿಸ್ ಬಾಲ್ ಟೂರ್ನಮೆಂಟುಗಳಿಗೆ ಕಮ್ಮಿಯೇನಿಲ್ಲ. ಟೀವಿಯಲ್ಲಿ ಬರುವ ದೊಡ್ಡವರ ಆಟದ ಹಾಗೇ ಆಟಗಾರರ ಹರಾಜು, ಟೀಮಿಗೊಬ್ಬ ಓನರು, ಬೆನ್ನ ಮೇಲೆ ಹೆಸರಿರುವ ಜರ್ಸಿ, ಮೈಕಿನಲ್ಲಿ ಕಾಮೆಂಟರಿ, ಎಲ್ಲ ಉಂಟು. ಬೇರೆ ಟೀಮುಗಳ ಓನರುಗಳು ಸೈಟು ಮಾರುವವರು, ಕ್ವಾರಿಯವರು. ಕಪ್ಪು ಕನ್ನಡಕ ಹಾಕಿಕೊಂಡು ಕಾರಿನಿಂದ ಇಳಿಯುವವರು. ನಮ್ಮವರದು ವಿಜಯಪುರದಲ್ಲಿ ನೂಲು ಬಿಚ್ಚುವ ಒಂದು ಸಣ್ಣ ಘಟಕ. ಅಲ್ಲಿಂದ ಮೊಪೆಡ್ಡಿನಲ್ಲಿ ನೇರ ಗ್ರೌಂಡಿಗೆ ಬರುತ್ತಿದ್ದರು, ಅದೇ ವಾಸನೆ ಹೊತ್ತುಕೊಂಡು. ಜರ್ಸಿಗಳನ್ನೂ ಅಲ್ಲೇ ಮೂಟೆ ಕಟ್ಟಿ ಇಡುತ್ತಿದ್ದರಾದ್ದರಿಂದ ನಮ್ಮೆಲ್ಲರ ಮೈಯಿಂದಲೂ ಅದೇ ಬರುತ್ತಿತ್ತು. ಟೀಮಿಗೆ ಇಂಗ್ಲಿಷಿನಲ್ಲಿ ಏನೋ ದೊಡ್ಡ ಹೆಸರಿತ್ತು. ಯಾರು ಕರೆದರು? "ಹುಳದ ಟೀಮ್ ಬಂತು ಕಣ್ರಪ್ಪೋ, ಮೂಗ್ ಮುಚ್ಕಳ್ರೋ!" ಎಂದು ಎದುರು ಟೀಮಿನವರು ಮೈಕಿನಲ್ಲೇ ಕೂಗಿಸುತ್ತಿದ್ದರು. ಓನರಣ್ಣ ಅದಕ್ಕೂ ನಗುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು.

ಹರಾಜಿನ ದಿನ ಅವರ ಪಕ್ಕ ಕೂರುವುದೇ ಒಂದು ಶಿಕ್ಷೆ. ಹೊಸಕೋಟೆಯ ಕಡೆಯವನೊಬ್ಬ ಎಡಗೈ ಬೌಲರ್ ಇದ್ದ. ಅವನನ್ನು ಬಿಡಲೇಬಾರದು ಎಂದು ನಾನು ವಾರವೆಲ್ಲ ಅವರ ಕಿವಿಯಲ್ಲಿ ಊದಿದ್ದೆ. ಅವನ ಹೆಸರು ಕೂಗಿದಾಗ ಓನರಣ್ಣ ಆರಾಮಾಗಿ ಎಲೆಗೆ ಸುಣ್ಣ ಸವರುತ್ತಾ ಕೂತಿದ್ದರು. ಆಮೇಲೆ ಯಾರಿಗೂ ಬೇಡವಾಗಿ ಉಳಿದಿದ್ದ ಮುನಿರಾಜು ಎಂಬ ಹುಡುಗನ ಹೆಸರು ಬಂದಾಗ ಕೈ ಎತ್ತಿದರು. ಮುನಿರಾಜು ಬೌಲಿಂಗ್ ಮಾಡಿದರೆ ಕೀಪರಿಗಿಂತ ಬೌಂಡರಿಯಲ್ಲಿ ನಿಂತವನಿಗೇ ಕೆಲಸ ಹೆಚ್ಚು.

"ಯಾಕಣ್ಣಾ ಹಿಂಗ್ ಮಾಡಿದ್ರಿ?" ಎಂದು ಅಲ್ಲೇ ಕೇಳಿದೆ.

"ಅವ್ನು ಚೆನ್ನಾಗ್ ಆಡ್ತಾನೆ, ಎಲ್ಲಿದ್ರೂ ಆಡ್ಕೊಂತಾನೆ. ಇವ್ನಿಗೆ ಟೀಮಿಲ್ವಲ್ಲಪ್ಪಾ" ಎಂದರು.

ಟೀಮು ಇರುವುದು ಗೆಲ್ಲುವುದಕ್ಕೋ, ಟೀಮಿಲ್ಲದವರಿಗೆ ಟೀಮು ಕೊಡುವುದಕ್ಕೋ ಎಂದು ಬಾಯಿ ತುದಿಗೆ ಬಂದಿತ್ತು. ಎರಡು ಸೀಸನ್ ಕಳೆಯುವಷ್ಟರಲ್ಲಿ ಅದೇ ಮುನಿರಾಜು ನಮ್ಮ ಮುಖ್ಯ ಬೌಲರ್ ಆದ ಎನ್ನುವುದು ಬೇರೆ ಮಾತು. ಅದನ್ನೂ ಅವರು ಒಂದು ದಿನ ಎತ್ತಿ ಆಡಲಿಲ್ಲ. ಆಡಿದ್ದರೆ ನನಗೆ ಎಷ್ಟೋ ವಾಸಿಯಾಗುತ್ತಿತ್ತು, ಜಗಳವಾದರೂ ಆಡಬಹುದಿತ್ತು...

ಇನ್ನೊಂದು ಸಲ, ಪಂದ್ಯದ ದಿನ ಬೆಳಿಗ್ಗೆ, ಗಾಳಿಗೆ ನಮ್ಮೂರ ಶಾಲೆಯ ಹೆಂಚು ಹಾರಿಹೋಗಿದ್ದವು. ಟೀಮನ್ನೆಲ್ಲ ಜರ್ಸಿಯಲ್ಲೇ ಸೂರಿನ ಮೇಲೆ ಹತ್ತಿಸಿದರು. "ಇಲ್ಲೇ ಕ್ಯಾಚ್ ಪ್ರಾಕ್ಟೀಸೂ ಆಯ್ತು, ಒಬ್ರಿಗೊಬ್ರು ಹೆಂಚು ಎಸೀರಿ" ಎಂದು ಕೆಳಗಿನಿಂದ ಹುಕುಂ. ಗ್ರೌಂಡಿಗೆ ಹೋದಾಗ ತಲೆಯೆಲ್ಲ ಜೇಡರ ಬಲೆ. ನಮ್ಮ ಓಪನಿಂಗ್ ಬ್ಯಾಟ್ಸ್‌ಮನ್ನಿನ ಅಂಗೈ ಹೆಂಚಿನಿಂದ ಕೊಯ್ದುಹೋಗಿತ್ತು. ಹೇಳುವವರು ಯಾರು, ಕೇಳುವವರು ಯಾರು?

ಇವೆಲ್ಲ ಸಣ್ಣವು. ನನಗೆ ಇವತ್ತಿಗೂ ಹೊಟ್ಟೆ ಉರಿಯುವುದು ಕೆರೆಯ ವಿಷಯಕ್ಕೆ.

ನಮ್ಮ ಗ್ರೌಂಡು ಇದ್ದದ್ದು ಊರ ಕೆರೆಯ ಅಂಗಳದಲ್ಲಿ. ನಾನು ಬುದ್ಧಿ ಬಂದಾಗಿನಿಂದ ಆ ಕೆರೆಯಲ್ಲಿ ನೀರು ಕಂಡವನಲ್ಲ. ಮಳೆಗಾಲದಲ್ಲಿ ಏರಿಯ ಕೆಳಗೆ ಒಂದಿಷ್ಟು ಕೆಸರು, ಮಿಕ್ಕಂತೆ ಬಟಾಬಯಲು. ಆ ಬಯಲಿನ ನಡುವೆ ಓನರಣ್ಣ ತಾವೇ ನಿಂತು ಸಿಮೆಂಟಿನ ಪಿಚ್ಚು ಹಾಕಿಸಿದ್ದರು. ಮಟ್ಟ ಹಿಡಿಯುವ ಮೇಸ್ತ್ರಿಯನ್ನು ಕರೆಸಿ, ಹಾಕಿದ್ದು ಸರಿಯಿಲ್ಲ ಎಂದು ಒಡೆಸಿ, ಮತ್ತೆ ಹಾಕಿಸಿದರು. ಮಗುವಿನ ಮೈ ನೇವರಿಸಿದ ಹಾಗೆ ಅದರ ಮೇಲೆ ಕೈ ಆಡಿಸುತ್ತಿದ್ದರು. ಸುತ್ತಮುತ್ತ ಅಂಥ ಪಿಚ್ಚು ಇರಲಿಲ್ಲ.

ಅದೇ ಮನುಷ್ಯ ಪ್ರತಿ ಭಾನುವಾರ ಪ್ರಾಕ್ಟೀಸಿಗೆ ಮೊದಲು ನಮ್ಮ ಕೈಗೆ ಗುದ್ದಲಿ ಕೊಟ್ಟು ಕೆರೆಗೆ ನೀರು ಬರುವ ಕಾಲುವೆಗೆ ಇಳಿಸುತ್ತಿದ್ದರು. ಮೇಲಿನ ಗುಡ್ಡದ ಕಡೆಯಿಂದ ಬರುವ ಕಾಲುವೆ; ಜಾಲಿ ಬೆಳೆದು, ಹೂಳು ತುಂಬಿ, ಮೇಲೆ ಪ್ಲಾಸ್ಟಿಕ್ಕು ಸೇರಿ, ಕಾಲುವೆ ಎಂದು ಹೇಳಿದರೇ ಗೊತ್ತಾಗಬೇಕಿತ್ತು. ನಾವು ಗೊಣಗಿದರೆ, "ಬೆಂಗ್ಳೂರಲ್ಲಿ ಜಿಮ್ಮಿಗೆ ಕಾಸ್ ಕೊಟ್ಟು ಕಬ್ಬಿಣ ಎತ್ತುತಾರಂತೆ. ನೀವು ಬಿಟ್ಟಿ ಮಣ್ಣೆತ್ರಲಾ, ಮೈ ಬೆಚ್ಚಗಾಗ್ಲಿ" ಎನ್ನುತ್ತಿದ್ದರು. ನಾವೂ ಎತ್ತಿದೆವು. ಭುಜ ಗಟ್ಟಿಯಾಯಿತು, ಸಿಕ್ಸರು ದೂರ ಹೋಗತೊಡಗಿದವು. ಕಾಲುವೆ ಸರಿಮಾಡಿದರೆ ಕೆರೆಗೆ ನೀರು ಬರುತ್ತದೆ, ಕೆರೆಗೆ ನೀರು ಬಂದರೆ ಗ್ರೌಂಡು ಮುಳುಗುತ್ತದೆ. ಇಷ್ಟು ಸಣ್ಣ ಲೆಕ್ಕ ನಮ್ಮಲ್ಲಿ ಒಬ್ಬನ ತಲೆಗಾದರೂ ಹೊಳೆಯಬೇಕಿತ್ತಲ್ಲ? ಹೊಳೆಯಲಿಲ್ಲ. ಬಾರದ ನೀರಿನ ಬಗ್ಗೆ ಯಾರು ಯೋಚಿಸುತ್ತಾರೆ.

ಆ ವರ್ಷ ನಾವು ಮೊದಲ ಸಲ ಫೈನಲ್ಲಿಗೆ ಬಂದೆವು. ಚೀಟಿ ಎತ್ತಿದಾಗ ಫೈನಲ್ ನಮ್ಮ ಗ್ರೌಂಡಿನಲ್ಲೇ ಎಂದಾಯಿತು. ನಮ್ಮ ಪಿಚ್ಚಿನ ಒಂದೊಂದು ಬಿರುಕೂ ನಮಗೆ ಬಾಯಿಪಾಠ. ಎದುರಿನವರು ಅದರಲ್ಲಿ ಒಂದು ಚೆಂಡೂ ಆಡಿದವರಲ್ಲ. ಹುಳದ ಟೀಮು ಎಂದವರ ಬಾಯಿ ಮುಚ್ಚಿಸಲು ಇನ್ನೊಂದು ಅವಕಾಶ ಸಿಗಲಾರದು ಎಂದು ನನಗೆ ಗೊತ್ತಿತ್ತು. ಭಾನುವಾರ ಪಂದ್ಯ. ಶಾಮಿಯಾನದ ಕಂಬ ನೆಟ್ಟಾಗಿತ್ತು. ಬರುವ ಊರಿನವರಿಗೆಲ್ಲ ಊಟ ಹಾಕಬೇಕೆಂದು ಓನರಣ್ಣ ಅಡುಗೆಯವರಿಗೆ ಹೇಳಿಬಿಟ್ಟಿದ್ದರು.

ಗುರುವಾರ ನಂದಿ ಬೆಟ್ಟದ ಕಡೆ ಆಕಾಶ ಕಿತ್ತುಕೊಂಡು ಬಿದ್ದ ಹಾಗೆ ಮಳೆಯಾಯಿತು. ನಮ್ಮೂರಲ್ಲಿ ನಾಲ್ಕು ಹನಿ, ಅಷ್ಟೇ. ಶುಕ್ರವಾರ ಬೆಳಿಗ್ಗೆ ಮುನಿರಾಜು ಓಡಿ ಬಂದ. "ಕ್ಯಾಪ್ಟನ್ನೂ, ಕಾಲುವೇಲಿ ನೀರು ಬರ್ತೈತೆ!"

ಹೋಗಿ ನೋಡಿದರೆ, ನಾವೇ ಅಗೆದ ಕಾಲುವೆಯಲ್ಲಿ ಕೆಂಪು ನೀರು ನೊರೆ ಕಟ್ಟಿಕೊಂಡು ಬರುತ್ತಿತ್ತು. ಕೆರೆಗೆ ಸ್ವಲ್ಪ ಮೇಲೆ ಆ ಕಾಲುವೆ ಎರಡಾಗುತ್ತದೆ. ಒಂದು ಕೆರೆಗೆ, ಇನ್ನೊಂದು ಪಕ್ಕದ ಹಳ್ಳಕ್ಕೆ. ಕೆರೆಯ ಬಾಯಿಗೆ ಮರಳು ಮೂಟೆ ಅಡ್ಡ ಹಾಕಿದರೆ ನೀರು ಹಳ್ಳಕ್ಕೆ ಹೋಗುತ್ತದೆ. ಎರಡು ದಿನ ಹಾಗೆ ತಿರುಗಿಸಿದರೆ ಸಾಕು, ಫೈನಲ್ ಮುಗಿಯುತ್ತದೆ. ಆಮೇಲೆ ಮೂಟೆ ತೆಗೆದರಾಯಿತು. ಟೀಮೆಲ್ಲ ಸೇರಿ ಮೂಟೆ ಹೊತ್ತು ತಂದೆವು. ಅಷ್ಟರಲ್ಲಿ ಮೊಪೆಡ್ಡಿನ ಸದ್ದು.

ಓನರಣ್ಣ ಗಾಡಿ ನಿಲ್ಲಿಸಿದರು. ಚಪ್ಪಲಿ ಬಿಟ್ಟರು, ಪಂಚೆ ಎತ್ತಿ ಕಟ್ಟಿದರು, ನಾವು ಮೂಟೆ ಹಾಕಬೇಕೆಂದಿದ್ದ ಜಾಗದಲ್ಲಿ, ನೀರಿನ ನಡುವೆ, ಹೋಗಿ ಕೂತೇಬಿಟ್ಟರು. ನೀರು ಸೊಂಟದವರೆಗೆ ಬಂತು.

"ಹಾಕಂಗಿದ್ರೆ ನನ್ ಮೇಲ್ ಹಾಕ್ರಪ್ಪಾ" ಎಂದರು.

"ಅಣ್ಣಾ, ಏಳಣ್ಣಾ. ಎರಡೇ ದಿನ ಕೇಳ್ತಿರೋದು."

"ಎರಡ್ ದಿನ ಆದ್ಮೇಲೆ ಈ ನೀರು ಎಲ್ಲಿರ್ತದೆ? ಹಳ್ಳದಾಗೆ ಹೋದದ್ದು ವಾಪಸ್ ಬತ್ತದಾ?"

"ಮತ್ತೆ ಮಳೆ ಬರಲ್ವಾ?"

"ಮತ್ತೆ ಫೈನಲ್ ಬರಲ್ವಾ?"

ನನಗೆ ಅಳುವೂ ಬಂತು, ಸಿಟ್ಟೂ ಬಂತು. "ಗ್ರೌಂಡು ನಮ್ದಲ್ವೇನಣ್ಣಾ? ಪಿಚ್ಚು ಹಾಕ್ಸಿದ್ದು ನೀವೇ ಅಲ್ವಾ?" ಎಂದು ಕಿರುಚಿದೆ.

"ಕೆರೇಲಿ ನಾವ್ ಆಡ್ತಿದ್ವಿ ಕಣಪ್ಪಾ. ಕೆರೆ ಬಂದು ನಮ್ ಜಾಗದಲ್ಲಿ ಕೂತಿಲ್ಲ" ಎಂದರು. ದನಿ ಏರಿಸಲಿಲ್ಲ. ಏರಿಸಿದ್ದರೆ ನಾನೂ ಏರಿಸುತ್ತಿದ್ದೆ, ಹುಡುಗರೆಲ್ಲ ನನ್ನ ಕಡೆಗೇ ಇದ್ದರು.

ಇದ್ದರು ಎಂದುಕೊಂಡಿದ್ದೆ. ಮೊದಲು ಮುನಿರಾಜು ಮೂಟೆ ಕೆಳಗಿಟ್ಟ. ನೀರಿಗಿಳಿದು, ಓನರಣ್ಣನ ಬೆನ್ನ ಹಿಂದೆ ಸಿಕ್ಕಿಕೊಂಡಿದ್ದ ಜಾಲಿ ಕೊಂಬೆ ಕಿತ್ತು ದಡಕ್ಕೆ ಎಸೆದ. ನೀರು ಸಲೀಸಾಗಿ ಹರಿಯಿತು. ಅವನ ಹಿಂದೆ ಇನ್ನೊಬ್ಬ ಇಳಿದ, ಆಮೇಲೆ ಮತ್ತೊಬ್ಬ. ಕೊನೆಗೆ ಮೂಟೆ ಹೊತ್ತು ದಡದಲ್ಲಿ ನಿಂತಿದ್ದವನು ನಾನೊಬ್ಬನೇ. ಎದುರು ಟೀಮಿನ ಮುಂದೆ ಒಂದು ಸಲವೂ ಇಷ್ಟು ಒಗ್ಗಟ್ಟು ತೋರಿಸದ ಜನ! "ನಿಂತ್ಕಂಡೇ ಇರ್ತೀಯಾ, ಕೈ ಕೊಟ್ಟು ನನ್ನ ಎಬ್ಬುಸ್ತೀಯಾ? ಸೊಂಟ ಹಿಡ್ಕಂಡ್ಬಿಡ್ತು" ಎಂದರು ಓನರಣ್ಣ. ಹುಡುಗರೆಲ್ಲ ನಕ್ಕರು. ನಾನು ನಗಲಿಲ್ಲ. ಎಬ್ಬಿಸಿದೆ.

ಶನಿವಾರ ಸಾಯಂಕಾಲಕ್ಕೆ ಪಿಚ್ಚು ಮುಳುಗಿತು. ಶಾಮಿಯಾನದವನು ಮೊಳಕಾಲುದ್ದ ನೀರಿನಲ್ಲಿ ಬಯ್ದುಕೊಳ್ಳುತ್ತಾ ಕಂಬ ಕಿತ್ತುಕೊಂಡು ಹೋದ. ಫೈನಲ್ ಎದುರಿನವರ ಗ್ರೌಂಡಿಗೆ ಹೋಯಿತು. ಮಣ್ಣಿನ ಪಿಚ್ಚು, ಚೆಂಡು ಎಲ್ಲಿ ಬಿದ್ದು ಎಲ್ಲಿಗೆ ಹೋಗುತ್ತದೆಂದು ಗೊತ್ತಾಗದ ಪಿಚ್ಚು. ಸೋತೆವು. ಇಲ್ಲಿ ಆಡಿದ್ದರೆ ಗೆಲ್ಲುತ್ತಿದ್ದೆವು. ಇದನ್ನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ.

ಸೋಲಾದರೂ ಸಹಿಸಬಹುದು. ಪಂದ್ಯ ಮುಗಿದ ಕೂಡಲೇ ಟೆಂಪೋದಿಂದ ಹಂಡೆ ಇಳಿಯತೊಡಗಿದವು. ಗೆದ್ದ ಟೀಮಿಗೆ, ಅವರ ಊರಿಗೆ, ನಮ್ಮನ್ನು ಮೈಕಿನಲ್ಲಿ ಹುಳ ಎಂದವನಿಗೂ ಸೇರಿಸಿ, ಸೋತ ಟೀಮಿನ ಓನರು ನಿಂತು ಊಟ ಬಡಿಸಿದರು. "ಇದ್ಯಾವ ಪದ್ಧತಿ ಅಣ್ಣಾ?" ಎಂದರೆ, "ನಮ್ಮೂರ್ಗೆ ಬತ್ತಾರಂತ ಮಾಡ್ಸಿದ್ದಲ್ವಾ. ಈಗ ಚೆಲ್ಲಕ್ಕಾಗ್ತದಾ? ನೀನೂ ಸಾಂಬಾರ್ ಬಕೆಟ್ ಹಿಡ್ಕ" ಎಂದರು. ಹಿಡಿದೆ. ಕ್ಯಾಪ್ಟನ್ ಕೈಯಲ್ಲಿ ಕಪ್ ಇರಬೇಕಾದ ಹೊತ್ತಿನಲ್ಲಿ ಸಾಂಬಾರ್ ಬಕೆಟ್ಟು.

ವಾಪಸು ಬರುವಾಗ ಕೆರೆ ಏರಿಯ ಮೇಲೆ ಟೆಂಪೋ ನಿಲ್ಲಿಸಲು ಹೇಳಿದರು. ನೀರು ಆ ಕಡೆಯ ಹೊಂಗೆ ಮರದವರೆಗೂ ಹರಡಿತ್ತು. ತುಂಬ ಹೊತ್ತು ನೋಡಿದರು. "ಪಿಚ್ಚು ಚೆನ್ನಾಗ್ ಬಂದಿತ್ತಲ್ವಾ..." ಎಂದು ಒಂದೇ ಮಾತು.

ಆಮೇಲೆ ಆ ಕೆರೆ ಪೂರ್ತಿ ಬತ್ತಲೇ ಇಲ್ಲ. ಓನರಣ್ಣ ಮಾತ್ರ ಟೀಮಿಗೆ ಬೇರೆ ಜಾಗ ಹುಡುಕುವುದನ್ನು ಬಿಡಲಿಲ್ಲ. ಮೊಪೆಡ್ಡಿನ ಹಿಂದೆ ನನ್ನನ್ನು ಕೂರಿಸಿಕೊಂಡು ಸುತ್ತಿದ್ದೇ ಸುತ್ತಿದ್ದು. ಏರ್‌ಪೋರ್ಟು ಬಂದಮೇಲೆ ನಮ್ಮ ಕಡೆ ಖಾಲಿ ಜಾಗ ಎಂಬುದು ಎಲ್ಲಿದೆ? ಸಿಕ್ಕ ಒಂದೆರಡು ಕಡೆಯೂ, "ಇಲ್ಲಿ ದನ ಮೇಯ್ತವೆ, ಬೇಡ" ಎಂದೋ, "ಆ ಮುದುಕಿ ರಾಗಿ ಒಕ್ಕಣೆ ಇಲ್ಲೇ ಮಾಡೋದು" ಎಂದೋ ಅವರೇ ಗಾಡಿ ತಿರುಗಿಸುತ್ತಿದ್ದರು. ಗ್ರೌಂಡಿಲ್ಲದ ಟೀಮು ಎಷ್ಟು ದಿನ ಉಳಿದೀತು? ಒಬ್ಬೊಬ್ಬರೇ ಬೇರೆ ಓನರುಗಳ ಟೀಮಿಗೆ ಹೋದರು. ಮುನಿರಾಜುವನ್ನು ಎದುರಿನವರೇ ಹರಾಜಿನಲ್ಲಿ ಎತ್ತಿಕೊಂಡರು. ಎರಡು ಸೀಸನ್ನಿಗೆ ಹುಳದ ಟೀಮು ಎಂಬುದು ಇಲ್ಲವಾಯಿತು. ನಾನು ಅವರ ಮನೆಯ ಕಡೆ ಹೋಗುವುದನ್ನು ಕಮ್ಮಿ ಮಾಡಿದೆ. ಕೆಲಸ, ಸಂಸಾರ... ಎದೆನೋವು ಬಂದು ಆಸ್ಪತ್ರೆಗೆ ಸೇರಿದ್ದಾರೆಂದು ತಿಳಿದು ನಾಳೆ ಹೋಗೋಣ ಎಂದುಕೊಂಡಿದ್ದೆ. ಅವರು ನಾಳೆಯವರೆಗೆ ಇರಲಿಲ್ಲ.

ಹೋದ ವಾರ ಆ ವಾಸನೆ ಬಂದಲ್ಲೇ ಬಸ್ಸು ಇಳಿದು ಅವರ ಮನೆಗೆ ಹೋದೆ. ಘಟಕವನ್ನು ಈಗ ಬೇರೆಯವರು ನಡೆಸುತ್ತಾರೆ. ಅವರ ಹೆಂಡತಿ ಕಾಫಿ ಕೊಟ್ಟರು. ಆ ಮಾತು ಈ ಮಾತು ಆಡುತ್ತಾ, "ಆಸ್ಪತ್ರೇಲಿ ನಿನ್ನ ಕೇಳಿದ್ರಪ್ಪಾ" ಎಂದರು. "ಕ್ಯಾಪ್ಟನ್ ಇನ್ನೂ ಕೋಪ ಮಾಡ್ಕಂಡವ್ನಾ ಅಂದ್ರು. ಇಲ್ಲ ಬಿಡಿ, ಅದೆಲ್ಲ ಯಾವತ್ತೋ ಮರ್ತಿರ್ತಾನೆ ಅಂದೆ."

"ಅದಕ್ಕೇನಂದ್ರಕ್ಕಾ?"

"ಏನಿಲ್ಲ, ಆ ಕಡೆ ಮಗ್ಗುಲಾಗ್ಬಿಟ್ರು."

ಕಾಫಿ ಹಾಗೇ ಕೈಯಲ್ಲಿತ್ತು. ಮರೆತಿಲ್ಲ ಎನ್ನಬೇಕಿತ್ತು ಅಕ್ಕ. ಮರೆಯುವ ಸೋಲಲ್ಲ ಅದು ಎಂದು ಅವರಿಗೂ ಗೊತ್ತಿತ್ತು, ಅದಕ್ಕೇ ಕೇಳಿದ್ದು. ಕೋಪ ಇದೆ ಎಂದಿದ್ದರೆ ಎದ್ದು ಕೂತು ನನ್ನ ಜೊತೆ ಇನ್ನೊಂದು ಸುತ್ತು ವಾದ ಮಾಡುತ್ತಿದ್ದರೇನೋ...

ಊರಿಗೆ ನಡೆದುಕೊಂಡೇ ಬಂದೆ. ಏರಿಯ ಮೇಲೆ ಯಾರೂ ಇರಲಿಲ್ಲ. ಕೆರೆ ತುಂಬಿದೆ ಓನರಣ್ಣಾ. ನಮ್ಮ ಹುಡುಗರಿಗೆ ಆಡುವುದಕ್ಕೆ ಇವತ್ತಿಗೂ ಜಾಗವಿಲ್ಲ. ಯಾರ ಹತ್ತಿರ ಹೋಗಿ ಜಗಳ ಆಡಲಿ, ಹೇಳಿ.